ಒಂದು ಲೋಟ ನೀರು

ನಿನ್ನೆ ರಾತ್ರಿ ಅಕ್ಕನ ಮಗಳ ಜೊತೆ ಕೂತು ‘ದಿ ಗ್ರೇಟ್ ಇಂಡಿಯನ್ ಕಿಚನ್’ ಮತ್ತೆ ನೋಡಿದೆ. ಜಿಯೋ ಬೇಬಿ ನಿರ್ದೇಶನದ 2021ರ ಮಲಯಾಳಂ ಚಿತ್ರ. ಅವಳಿನ್ನೂ ಒಂಬತ್ತನೇ ಕ್ಲಾಸು. ಹೆಣ್ಣಿಗಾದ ಅನ್ಯಾಯ ಎಂದರೆ ಅವಳ ಪಾಲಿಗೆ ಸಮಾಜ ಪುಸ್ತಕದ ಸತಿ ಪದ್ಧತಿ, ಬಾಲ್ಯವಿವಾಹ. ಪರೀಕ್ಷೆಗೆ ಬರೆದು ಮುಗಿಸುವ ಹಳೆಯ ಕಥೆ.

ಈ ಚಿತ್ರದಲ್ಲಿ ಹಾಗಲ್ಲ. ಅನ್ನ ಕುಕ್ಕರಿನಲ್ಲಿ ಬೇಡ, ಸೌದೆ ಒಲೆಯಲ್ಲೇ ಆಗಲಿ ಎಂದು ಸೊಸೆಗೆ ಮಾವ ಮೆಲುದನಿಯಲ್ಲೇ ಹೇಳುತ್ತಾರೆ. ಊಟದ ಮೇಜಿನ ಮೇಲೆ ಗಂಡಸರು ಜಗಿದುಬಿಟ್ಟ ನುಗ್ಗೆಕಾಯಿ ಸಿಪ್ಪೆ. ಸಿಂಕಿನ ಕೆಳಗೆ ಸೋರುವ ಕೊಳೆನೀರು. ಪ್ಲಂಬರನ್ನು ಕರೆಸಿ ಎಂದು ಸೊಸೆ ಗಂಡನಿಗೆ ಹೇಳುತ್ತಲೇ ಇರುತ್ತಾಳೆ. ಆ ಗಂಡನಿಗೂ ಹೆಂಡತಿಗೂ ಚಿತ್ರದಲ್ಲಿ ಹೆಸರೇ ಇಲ್ಲ.

ಹುಡುಗಿ ಮಾತಾಡದೆ ನೋಡುತ್ತಿದ್ದಳು. ಕೊನೆಗೆ ನಾಯಕಿ ತವರಿಗೆ ಬಂದಾಗ ತಮ್ಮ ನೀರು ಕೇಳುತ್ತಾನಲ್ಲ, ತಾಯಿ ಕಿರಿಮಗಳಿಗೆ ತಂದುಕೊಡು ಅನ್ನುತ್ತಾಳಲ್ಲ, ಆಗ “ಚಿಕ್ಕಮ್ಮಾ, ನಮ್ಮನೇಲೂ ಹೀಗೇ ಅಲ್ವಾ?” ಅಂದಳು. ನನಗೆ ಗಂಟಲು ಕಟ್ಟಿತು. ಅವಳ ವಯಸ್ಸಿನಲ್ಲಿ ನಾನು ಸಿನಿಮಾಗಳಲ್ಲಿ ನೋಡಿದ್ದು, ಬೇಡ ಎಂದವಳ ಬೆನ್ನು ಬಿದ್ದು ಒಲಿಸಿಕೊಳ್ಳುವ ನಾಯಕರನ್ನು. ಅದನ್ನೇ ಪ್ರೀತಿ ಅಂದುಕೊಂಡಿದ್ದೆ. ಈ ಪ್ರಶ್ನೆ ಕೇಳಲು ನನಗೆ ಮೂವತ್ತು ದಾಟಬೇಕಾಯಿತು.

ಹೈಸ್ಕೂಲಿನ ಮಗಳಿದ್ದರೆ ಜೊತೆಗೆ ಕೂತು ಈ ಚಿತ್ರ ನೋಡಿ. ದಯವಿಟ್ಟು ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.