ಲಾರಿ ಸಪ್ಪಳ

ನಮ್ಮ ಮನ್ಯಾಗ ಲಾರಿಗೂ ಆಕಳಕ್ಕೂ ಒಂದ ಲೆಕ್ಕ. ಬಾಯಿಲ್ಲದ್ದು, ಸಪ್ಪಳ ಮಾಡಿದ್ರ ನಾವ ಕಿವಿ ಕೊಡಬೇಕು.

ಸಾವಕಾಶ ಹೋಗುವಾಗ ಕಿರ್ರ್ ಅಂದ್ರ ಮುಂದಿನ ಪಾಟಾದ ಪಿನ್ನು ಒಣಗಿ ಗ್ರೀಸ್ ಬೇಡಾಕತ್ತಾವ. ಬ್ರೇಕ್ ಹೊಡದಾಗೆಲ್ಲಾ ಟಕ್ ಅಂದ್ರ ಬುಷ್ ಸವದಿರಬೇಕು, ಇಲ್ಲಾ ಯು-ಬೋಲ್ಟ್ ಸಡ್ಲ ಆಗಿರಬೇಕು. ಇವು ಕಿವಿಗೆ ತಿಳೀತಾವ. ಕಿಂಗ್ ಪಿನ್ನಿಂದು ಹಂಗಲ್ಲ, ಕೈಯಿಂದನ ನೋಡಬೇಕು.

ಹೋದ ವಾರ ತಮ್ಮ ಹುಬ್ಬಳ್ಳಿಯಿಂದ ಅಂಕೋಲಾಕ್ಕ ಲೋಡ್ ಒಯ್ಯಾವಿದ್ದ. ಸ್ಟೇರಿಂಗ್ ಅಲಗಾಡತೈತಿ ಅಂದ. ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಮುಂದ ಜಾಕ್ ಎತ್ತಿ, ಗಾಲಿ ಮ್ಯಾಲೆ-ಕೆಳಗ ಹಿಡದು ಅಲಗಿಸಿದ. ಗಡಗಡ ಅಂತು.

“ಅಕ್ಕಾ, ಮ್ಯಾಲೆ ಹತ್ತಿ ಬ್ರೇಕ್ ಒತ್ತು.”

ಒತ್ತಿದೆ. ಬ್ರೇಕ್ ಹಿಡದಾಗ ಅಲಗಾಟ ನಿಂತ್ರ ಬೇರಿಂಗ್, ಅದು ಸಣ್ಣ ಕೆಲಸ. ನಿಲ್ಲಲಿಲ್ಲ. ಕಿಂಗ್ ಪಿನ್ನ ಸವದಿತ್ತು.

ಮಾಲಿನವರು ಮೂರು ಸಲ ಫೋನ್ ಮಾಡಿದ್ರು. ಮುಂದ ಅರಬೈಲ್ ಘಾಟ್ ಇಳೀಬೇಕು. ತಿರುವಿನ್ಯಾಗ ಗಾಲಿ ಮಾತು ಕೇಳಲಿಲ್ಲಂದ್ರ ಆ ಫೋನ್ ಎತ್ತಾವ್ರು ಯಾರು? ಬಾಡಿಗಿ ಹೋದ್ರ ಹೋಗಲಿ ಅಂದೆ. ಅಂವ ಮಾತಾಡಲಿಲ್ಲ, ಮಿಸ್ತ್ರಿ ಕರಿಯಾಕ ಹೋದ. ಎರಡೂ ಕಡೆ ಹೊಸಾ ಪಿನ್ನು-ಬುಷ್ ಕುಂದರಿಸಿದ ಮ್ಯಾಲೆನ ಲೋಡ್ ತುಂಬಿದ್ದು.