ಠ ಅಕ್ಷರದ ಹೊಟ್ಟೆ

ಭಾನುವಾರ ಊಟ ಮುಗಿಸಿ ಮನೆಯವರೆಲ್ಲ ಅಡ್ಡಾದ ಮೇಲೆ ನನ್ನ ಚಟ ಶುರು: ಚಿತ್ರ ಬರೆಯುವ ತಂತ್ರಾಂಶ ಇಂಕ್‌ಸ್ಕೇಪಿನಲ್ಲಿ ಬರೆದದ್ದನ್ನು ಸರ್ಕ್ಯೂಟ್ ಬೋರ್ಡ್ ವಿನ್ಯಾಸದ ತಂತ್ರಾಂಶ ಕೀಕ್ಯಾಡಿನ ಫುಟ್‌ಪ್ರಿಂಟ್ ಮಾಡುವುದು. ಫುಟ್‌ಪ್ರಿಂಟ್ ಅಂದರೆ ಸರ್ಕ್ಯೂಟ್ ಬೋರ್ಡಿನ ಮೇಲೆ ಬಿಡಿಭಾಗ ಕೂರುವ ಜಾಗ. ಬೆಸುಗೆಗೆ ನಾಲ್ಕು ಪ್ಯಾಡು, ಸುತ್ತ ಬಿಳಿ ಗೆರೆ, ಅಷ್ಟೆ. ನನ್ನಂಥವರು ಅಲ್ಲಿಗೆ ನವಿಲನ್ನೂ ತಂದು ಕೂರಿಸುತ್ತೇವೆ. ಬೋರ್ಡ್ ಮಾಡಿಕೊಡುವವರಿಗೆ ರೆಸಿಸ್ಟರೂ ಒಂದೇ, ನವಿಲೂ ಒಂದೇ.

"ಆ ಮೇಜನ್ನ ಒಂದಿನಾನಾದ್ರೂ ಠಾಕುಠೀಕಾಗಿ ಇಟ್ಕೊಳ್ರೀ" ಎಂದು ಹೆಂಡತಿ ಗದರಿದ್ದಕ್ಕೆ ಉತ್ತರವಾಗಿ, ಅದೇ ಪದದ ಬ್ಯಾಡ್ಜು ಮಾಡಹೊರಟೆ. ಪರದೆಯ ಮೇಲೆ ಬಂದದ್ದು ಎರಡು ಮೊಟ್ಟೆ! ಫುಟ್‌ಪ್ರಿಂಟಿನ ಬಹುಭುಜಕ್ಕೆ ಹೊರಗಿನ ಅಂಚು ಮಾತ್ರ ಗೊತ್ತು, ತೂತು ಗೊತ್ತಿಲ್ಲ. ಠದ ಹೊಟ್ಟೆ ತುಂಬಿ, ಒಳಗಿನ ಚುಕ್ಕಿ ಮುಳುಗಿಹೋಗಿತ್ತು. ರ, ಥ, ಠ ಎಂದು ದುಂಡು ಹೊಟ್ಟೆಗಳೇ ತುಂಬಿರುವ ನಮ್ಮ ಲಿಪಿಗೆ ಇದಕ್ಕಿಂತ ಅವಮಾನ ಬೇಕೆ?

ಉಪಾಯವಿದೆ. ಹೊರ ಅಂಚಿನಿಂದ ಕೂದಲೆಳೆಯಷ್ಟು ಸೀಳು ಹಾಕಿ ಒಳಹೊಕ್ಕು, ತೂತನ್ನು ತಿರುಗುಮುರುಗಾಗಿ ಸುತ್ತಿ, ಹೋದ ದಾರಿಯಲ್ಲೇ ವಾಪಸಾಗಬೇಕು. ಹೊರಬರುವ ದಾರಿ ಗೊತ್ತಿದ್ದ ಅಭಿಮನ್ಯು ಅನ್ನಿ. ಸೀಳು ಕಣ್ಣಿಗೆ ಕಾಣುವುದಿಲ್ಲ, ಠ ಮತ್ತೆ ಠ ಆಗುತ್ತದೆ. ಇದು ಕೂಡಿಬಂದ ಗಳಿಗೆಯ ಸುಖಕ್ಕೆ ಮಧ್ಯಾಹ್ನದ ನಿದ್ದೆ ಸಾಟಿಯಲ್ಲ.

ಬಾಗುಗೆರೆಗಳನ್ನು ಸಣ್ಣ ಸಣ್ಣ ನೇರ ಗೆರೆಗಳಾಗಿ ಒಡೆಯುವುದೂ ಉಂಟು. ಅಲ್ಲಿ ಜಿಪುಣತನ ಮಾಡಿದರೆ ಚಕ್ಕುಲಿ ಶಂಕರಪೋಳಿಯಾಗುತ್ತದೆ. ಬೋರ್ಡಿಗೆ ಹಸಿರು ಬಣ್ಣ ಕೊಡುವ ಮಾಸ್ಕಿನ ಪದರದ ಲೆಕ್ಕ ಉಲ್ಟಾ: ಬರೆದಲ್ಲಿ ಹಸಿರು ಹೋಗಿ ಕೆಳಗಿನ ತಾಮ್ರ ಕಾಣುತ್ತದೆ. ಠದ ಚುಕ್ಕಿಗಳನ್ನು ಹಾಗೇ ಬಿಟ್ಟು ಚಿನ್ನದ ಲೇಪ ಕೊಡಿಸಿದೆ, ಬೊಟ್ಟು ಇಟ್ಟ ಹಾಗೆ.

ಎಡವಿದ್ದು ಅಳತೆಯಲ್ಲಿ. ಬೋರ್ಡಿನ ಅಂಚಿಗೆ ಹಳೆಯ ಫೈಲೊಂದನ್ನು ಎತ್ತಿಕೊಂಡಿದ್ದೆ. ಇಂಕ್‌ಸ್ಕೇಪ್ ಮೊದಲು ಇಂಚಿಗೆ 90 ಪಿಕ್ಸೆಲ್ ಎಣಿಸುತ್ತಿತ್ತು; 2017ರ 0.92 ಆವೃತ್ತಿಯಿಂದ 96. ಅದೇ ಸಂಖ್ಯೆಗಳನ್ನು ಹೊಸ ಲೆಕ್ಕದಲ್ಲಿ ಓದಿದರೆ 40 ಮಿಲಿಮೀಟರು 37.5ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಅಳತೆಗೆ ಸರಿಯಾಗಿ ಪ್ರಿಂಟ್ ತೆಗೆದು ನೋಡುವ ಅಭ್ಯಾಸ ನನಗಿದೆ. ಅವತ್ತೊಂದು ದಿನ ಸೋಮಾರಿತನ.

ಬ್ಯಾಡ್ಜು ಬಂತು. 40 ಮಿಲಿಮೀಟರಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿ ಹೆಂಡತಿಯ ಕೈಗೆ ಕೊಟ್ಟೆ. ಓದಿದಳು, ಮೇಜಿನ ಕಡೆ ನೋಡಿದಳು, ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಗಲಗಲ ಅಂತು.