ಗೋಡೆಯ ಒಳಮೈ

ಸ್ನಾನದ ಮನೆಯ ಗೋಡೆಯನ್ನು ಕುರಿತು ಒಂದು ಪ್ರಬಂಧವೆ ಎಂದು ವಾಚಕರು ಹುಬ್ಬೇರಿಸಬಹುದು. ಹಳಗನ್ನಡ ಕಾವ್ಯವನ್ನು ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಗಾರೆಯ ಗೊಡವೆ ಏಕೆಂದು ನನ್ನ ಸಹೋದ್ಯೋಗಿಗಳೂ ಕೇಳಿದ್ದಾರೆ. ಆದರೆ ಕಾವ್ಯದಲ್ಲಿ ಹೇಗೋ ಗೋಡೆಯಲ್ಲಿಯೂ ಹಾಗೆಯೇ, ಮೊದಲು ಕಣ್ಣಿಗೆ ಬೀಳುವುದು ಅಲಂಕಾರ. ಭಾರ ಹೊರುವುದು ಬೇರೊಂದು. ಕಳೆದ ಬೇಸಗೆಯ ರಜೆಯಲ್ಲಿ, ನ್ಯೂಜೆರ್ಸಿಯಲ್ಲಿರುವ ತಮ್ಮನ ಮನೆಯಲ್ಲಿ ಇದು ನನಗೆ ಚೆನ್ನಾಗಿ ಮನದಟ್ಟಾಯಿತು.

ಅಮ್ಮ ಆರು ತಿಂಗಳ ಮಟ್ಟಿಗೆ ಅವನಲ್ಲಿರುವುದೆಂದು ನಿಶ್ಚಯವಾಗಿತ್ತು. ಬಿಟ್ಟುಬರಲು ಜೊತೆಯಲ್ಲಿ ಹೋದವನು ನಾನು. ಹಿಂದಿನ ಚಳಿಗಾಲದಲ್ಲಿ ಅವರು ಮೈಸೂರಿನ ನಮ್ಮ ಬಚ್ಚಲಲ್ಲಿ ಜಾರಿ ಬಲಗೈಯ ಮಣಿಕಟ್ಟನ್ನು ನೋಯಿಸಿಕೊಂಡಿದ್ದರು. ಆ ಮಾತನ್ನು ಯಾರಾದರೂ ಎತ್ತಿದರೆ ಅಮ್ಮನಿಗೆ ಕೋಪ ಬರುತ್ತಿತ್ತು.

ತಮ್ಮನ ಮನೆಯ ಕೆಳಗಿನ ಸ್ನಾನಗೃಹದಲ್ಲಿ ಒಂದೆರಡು ಟೈಲುಗಳನ್ನು ಬೆರಳಿನಿಂದ ಒತ್ತಿದರೆ ಒಳಕ್ಕೆ ಸರಿಯುತ್ತಿದ್ದುವು. ಅವನು ಒಂದನ್ನು ಕಿತ್ತನು. ಅದರ ಹಿಂದಿನಿಂದ ಒದ್ದೆ ಹಿಟ್ಟಿನಂತಹ ಪದಾರ್ಥ ಉದುರಿತು.

ಅಲ್ಲಿನ ಮನೆಗಳು ಬಹುಮಟ್ಟಿಗೆ ಮರದ ಅಸ್ಥಿಪಂಜರಗಳು. ಸಾಮಾನ್ಯವಾಗಿ 16 ಅಂಗುಲಕ್ಕೊಂದರಂತೆ ಮರದ ನಿಲುಗಂಬಗಳನ್ನು ನಿಲ್ಲಿಸಿ, ಎರಡು ಮೈಗೂ ಕಾಗದ ಹೊದಿಸಿದ ಜಿಪ್ಸಂ ಹಲಗೆಯನ್ನು ಅವುಗಳಿಗೆ ಬಡಿಯುತ್ತಾರೆ. ಮಲಗುವ ಕೋಣೆಗೆ ಅದು ಸಾಕು. ಸ್ನಾನಗೃಹದಲ್ಲಿ ಮಾತ್ರ ಟೈಲುಗಳ ಸಂದಿನಿಂದ ನೀರು ದಿನವೂ ಅಷ್ಟಷ್ಟೇ ಒಳಕ್ಕಿಳಿಯುತ್ತದೆ. ಕಾಗದ ನೆನೆಯುತ್ತದೆ, ಜಿಪ್ಸಂ ಮೆತ್ತಗಾಗುತ್ತದೆ, ಕೊನೆಗೆ ಮರವೂ ಕೊಳೆಯುತ್ತದೆ. ನೀರು ತಡೆಯುವುದೆಂದು ಹೆಸರಾಗಿದ್ದ ಹಸುರು ಜಿಪ್ಸಂ ಹಲಗೆಯನ್ನು ಕೂಡ ಅಲ್ಲಿನ ವಸತಿ ಸಂಹಿತೆಯ 2006ರ ಆವೃತ್ತಿಯು ಸ್ನಾನದ ಟೈಲುಗಳ ಹಿಂದೆ ಬಳಸಕೂಡದೆಂದು ವಿಧಿಸಿತು. ತಮ್ಮನ ಮನೆ ಅದಕ್ಕಿಂತ ಹಳೆಯದು.

ಅಮ್ಮ ಬಗ್ಗಿ ನೋಡಿ, "ಇದೇನೋ, ಇಷ್ಟು ದೊಡ್ಡ ದೇಶ, ಬಚ್ಚಲಿಗೆ ರಟ್ಟಿನ ಗೋಡೆಯೆ?" ಎಂದರು.

ತಮ್ಮನಿಗೆ ಅವಸರ. "ಅಣ್ಣ, ಸಡಿಲವಾದ ಟೈಲುಗಳನ್ನಷ್ಟೇ ಅಂಟಿಸಿಬಿಡೋಣವೆ? ಅಮ್ಮ ಸ್ನಾನಕ್ಕೆ ಮಹಡಿ ಹತ್ತಬೇಕಾಗುತ್ತದೆ" ಎಂದನು. ನಾನು ಉತ್ತರ ಹುಡುಕುವಷ್ಟರಲ್ಲಿ ಅಮ್ಮನೇ, "ಹತ್ತುತ್ತೇನೆ. ನೀವು ಸರಿಯಾಗಿ ಕಟ್ಟಿ" ಎಂದು ತೀರ್ಪಿತ್ತರು.

ಕೊಳೆತ ಭಾಗವನ್ನೆಲ್ಲ ಕಿತ್ತು, ಕೆಟ್ಟ ನಿಲುಗಂಬದ ಪಕ್ಕಕ್ಕೆ ಹೊಸ ಮರ ಜೋಡಿಸಿದೆವು. ಅನಂತರ ಬಂದುದು ಸಿಮೆಂಟು ಹಲಗೆ: 5 ಅಡಿ ಉದ್ದ, 3 ಅಡಿ ಅಗಲ, ಅರ್ಧ ಅಂಗುಲ ದಪ್ಪ, ಒಡಲಲ್ಲಿ ಸಿಮೆಂಟು, ಮೈಗೆ ಗಾಜಿನ ನಾರಿನ ಜಾಲರಿ. ಚೂಪಾದ ಅಲಗಿನಿಂದ ಗೀರಿ ಮೊಣಕಾಲು ಕೊಟ್ಟು ಮಡಿಸಿದರೆ ಹಪ್ಪಳದಂತೆ ಮುರಿಯುತ್ತದೆ. ಹಲಗೆಗಳ ನಡುವೆ ಅಂಗುಲದ ಎಂಟನೆಯ ಒಂದು ಭಾಗ ಎಡೆ ಬಿಟ್ಟು, 8 ಅಂಗುಲಕ್ಕೊಂದು ತುಕ್ಕು ಹಿಡಿಯದ ತಿರುಪು ಬಿಗಿದೆವು. ಆ ಎಡೆಗಳ ಮೇಲೆ ಜಾಲರಿಪಟ್ಟಿಯಿಟ್ಟು, ಕರಣೆಯಿಂದ ಗಾರೆ ತುಂಬಿ, ರಸಮಟ್ಟ ಹಿಡಿದು ನೋಡಿದೆವು.

ಇಷ್ಟಕ್ಕೆ ಕೆಲಸ ಮುಗಿಯಿತೆಂದು ಅನೇಕರು ಭಾವಿಸುತ್ತಾರಂತೆ. ನೀರಿನಲ್ಲಿ ಕೆಡದಿರುವುದು ಬೇರೆ, ನೀರನ್ನು ತಡೆಯುವುದು ಬೇರೆ. ಸಿಮೆಂಟು ಹಲಗೆ ಕೊಳೆಯದು; ಆದರೆ ನೀರನ್ನು ಹೀರಿ ಹಿಂದಕ್ಕೆ ದಾಟಿಸುತ್ತದೆ. ಆದ್ದರಿಂದ ಹಲಗೆಯ ಹಿಂದೆ ಪ್ಲಾಸ್ಟಿಕ್ ಹಾಳೆ ಕಟ್ಟಬೇಕು. ಇಲ್ಲವೇ ಮುಂದೆ ರಬ್ಬರಿನಂತೆ ಒಣಗುವ ಲೇಪನ ಬಳಿಯಬೇಕು. ಎರಡನ್ನೂ ಮಾಡಿದರೆ ನಡುವೆ ಸಿಕ್ಕಿಕೊಂಡ ತೇವಕ್ಕೆ ಹೊರಹೋಗಲು ದಾರಿಯಿರದು. ತಮ್ಮನು ಲೇಪನವನ್ನೇ ಆರಿಸಿ, ಒಂದು ಒಣಗಿದ ಮೇಲೆ ಇನ್ನೊಂದರಂತೆ ಎರಡು ಸಲ ಬಳಿದನು. ಟೈಲು ಹಚ್ಚಿದ್ದು ಅದಾದ ಮೇಲೆ.

ಒಂದು ಸಂಗತಿಯನ್ನು ಹೇಳದೆ ಉಳಿಸಿಕೊಂಡಿದ್ದೇನೆ. ಗೋಡೆ ಮುಚ್ಚುವ ಮುನ್ನ ತಮ್ಮನು ನೆಲದಿಂದ ಸುಮಾರು 34 ಅಂಗುಲ ಎತ್ತರದಲ್ಲಿ, ನಿಲುಗಂಬಗಳ ನಡುವೆ, ದಪ್ಪನೆಯ ಅಡ್ಡಮರಗಳನ್ನು ಭದ್ರವಾಗಿ ಕೂರಿಸಿದ್ದನು. "ಅದೇತಕ್ಕೋ?" ಎಂದು ಅಮ್ಮ ಕೇಳಿದಾಗ, "ಗೋಡೆ ಗಟ್ಟಿಯಾಗಲಿ ಎಂದು" ಎಂದುಬಿಟ್ಟನು.

ರಾತ್ರಿ ನನ್ನೊಡನೆ ಹೇಳಿದನು: "ಕೈಹಿಡಿ ಕಂಬಿಗೆ, ಅಣ್ಣ. ಬರಿಯ ಸಿಮೆಂಟು ಹಲಗೆಗೆ ತಿರುಪು ಹಾಕಿದರೆ ಆಳಿನ ಭಾರ ತಡೆಯದು, ಹಿಂದೆ ಮರವಿರಬೇಕು. ಈಗ ಕಂಬಿ ಎಂದರೆ, ನಾನೇನು ಮುದುಕಿಯೆ ಎಂದು ಅಮ್ಮ ಜಗಳಕ್ಕೆ ಬರುತ್ತಾರೆ. ಅವರೇ ಕೇಳಿದ ದಿನ ಹಾಕೋಣ. ಆ ದಿನ ಗೋಡೆ ಒಡೆಯುವಂತಾಗಬಾರದು." ಮರವಿರುವ ಸ್ಥಳದ ಅಳತೆಯನ್ನು ಚೀಟಿಯಲ್ಲಿ ಬರೆದು ಅಡಿಗೆಮನೆಯ ಕಪಾಟಿನ ಒಳಬಾಗಿಲಿಗೆ ಅಂಟಿಸಿದ್ದನು. ಹತ್ತು ವರ್ಷಗಳಿಂದ ದೂರದೇಶದಲ್ಲಿರುವ ತಮ್ಮನು ಅಮ್ಮನನ್ನು ನನಗಿಂತ ಚೆನ್ನಾಗಿ ಬಲ್ಲನೆಂದು ಅಂದು ಅನಿಸಿತು. ಹೊಟ್ಟೆಕಿಚ್ಚೂ ಆಯಿತು, ಸಂತೋಷವೂ ಆಯಿತು.

ನಾನು ಊರಿಗೆ ಮರಳಿದ ಮೇಲೆ ಆಷಾಢದಲ್ಲಿ ತಮ್ಮನ ಫೋನು ಬಂದಿತು. ಬೆಳಗ್ಗೆ ಸ್ನಾನ ಮುಗಿಸಿ ಬಂದ ಅಮ್ಮ, ತಲೆ ಒರಸಿಕೊಳ್ಳುತ್ತ, ಅವನ ಮುಖ ನೋಡದೆಯೇ ಹೇಳಿದರಂತೆ: "ಗೋಡೆಯೊಳಗೆ ಮರ ಇಟ್ಟೆಯಲ್ಲಾ, ಅದಕ್ಕೊಂದು ಕಂಬಿ ಹಾಕಿಬಿಡು. ಚೀಟಿ ಕಪಾಟಿನಲ್ಲಿದೆ."